ಜನಗಣತಿ ಅಂಕಿ ಬಳಸೋ ಮುಂಚೆ ಹರಪನಹಳ್ಳಿ ಎಲ್ಲಿದೆ ಅಂತ ನೋಡಿ

ನಮಸ್ಕಾರ. ದಾವಣಗೆರೆ ಜಿಲ್ಲೆಯ ಜನಸಂಖ್ಯೆ ಎಷ್ಟು ಅಂತ ಹುಡುಕಿದರೆ 19,45,497 ಅಂತ ಸಿಗುತ್ತದೆ. 2011ರ ಜನಗಣತಿಯ ಲೆಕ್ಕ, ತಪ್ಪೇನಿಲ್ಲ. ಆದರೆ ಅದರಲ್ಲಿ ಹರಪನಹಳ್ಳಿಯೂ ಸೇರಿದೆ! ಆ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಚಿತ್ರದುರ್ಗದವರ ಕಥೆ ಇನ್ನೂ ಮಜಾ. ದಾವಣಗೆರೆ, ಹರಿಹರ, ಜಗಳೂರು 1997ರವರೆಗೂ ಅವರ ಜಿಲ್ಲೆಯಲ್ಲೇ ಇದ್ದವು. 1991ರ ಹಳೇ ಪುಸ್ತಕದ ಅಂಕಿಯನ್ನು 2001ರ ಪಕ್ಕ ಇಟ್ಟು ಗ್ರಾಫ್ ಹಾಕಿದರೆ ಅರ್ಧ ಊರೇ ಗುಳೆ ಹೋದ ಹಾಗೆ ಕಾಣುತ್ತದೆ.

ಅದಕ್ಕೇ ಜಿಲ್ಲೆಯ ಅಂಕಿ ಬಿಡಿ, ತಾಲ್ಲೂಕಿನದು ಹಿಡಿಯಿರಿ. ಜನಗಣತಿ ವೆಬ್‌ಸೈಟಿನಲ್ಲಿ 'ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರಾಕ್ಟ್' ಅಂತ ಹುಡುಕಿ, ಎಕ್ಸೆಲ್ ಫೈಲ್ ಇಳಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ.

[ಸ್ಕ್ರೀನ್ ಮೇಲೆ ಎಕ್ಸೆಲ್ ಫೈಲ್]

ಇಲ್ಲಿ ನೋಡಿ, ಒಂದೇ ತಾಲ್ಲೂಕಿಗೆ ಮೂರು ಸಾಲು: ಟೋಟಲ್, ರೂರಲ್, ಅರ್ಬನ್. ಫಿಲ್ಟರ್ ಹಾಕದೆ ಸುಮ್ನೆ ಕೂಡಿದರೆ ಎಲ್ಲರನ್ನೂ ಎರಡೆರಡು ಸಲ ಎಣಿಸಿದಂತಾಗುತ್ತದೆ. ಟೋಟಲ್ ಒಂದನ್ನೇ ಇಟ್ಟುಕೊಂಡು ಇವತ್ತಿನ ಜಿಲ್ಲೆಯ ತಾಲ್ಲೂಕುಗಳನ್ನು ನೀವೇ ಕೂಡಿಕೊಳ್ಳಿ. ನ್ಯಾಮತಿ ತಾಲ್ಲೂಕು ಕಾಣಲ್ಲ ಅಂತ ಗಾಬರಿಯಾಗಬೇಡಿ, 2011ರಲ್ಲಿ ಅದು ಹೊನ್ನಾಳಿಯ ಒಳಗೇ ಇತ್ತು.

ಈಗ ಸಾಕ್ಷರತೆ. ಜಾಸ್ತಿ ಜನ ಎಡವುವುದು ಇಲ್ಲೇ. 'ಪಿ ಲಿಟ್' ಅನ್ನೋ ಕಾಲಮ್‌ನಲ್ಲಿ ಓದು-ಬರಹ ಬಲ್ಲವರ ಸಂಖ್ಯೆ ಇದೆ. ಅದನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ ಸರ್ಕಾರದ ಅಂಕಿಗಿಂತ ಕಡಿಮೆ ಬರುತ್ತದೆ. ಯಾಕೆ? ಜನಗಣತಿಯಲ್ಲಿ ಸಾಕ್ಷರತೆ ಎಣಿಸುವುದು 7 ವರ್ಷ ತುಂಬಿದವರಿಗೆ ಮಾತ್ರ. ತೊಟ್ಟಿಲಲ್ಲಿರೋ ಕೂಸನ್ನು ಅನಕ್ಷರಸ್ಥ ಅನ್ನೋಕಾಗಲ್ಲ ಅಲ್ವಾ? ಹಾಗಾಗಿ 'ಪಿ 06' ಕಾಲಮ್‌ನಲ್ಲಿರೋ ಮಕ್ಕಳನ್ನು ಒಟ್ಟು ಜನಸಂಖ್ಯೆಯಿಂದ ಕಳೆದು, ಉಳಿದದ್ದರಿಂದ ಭಾಗಿಸಿ, ನೂರರಿಂದ ಗುಣಿಸಿ.

ಮಕ್ಕಳ ತೂಕ, ರಕ್ತಹೀನತೆ, ಹೆರಿಗೆ ಬಗ್ಗೆ ಬೇಕಾದರೆ ಜನಗಣತಿಯಲ್ಲಿ ಸಿಗಲ್ಲ. ಅದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ. 2019-21ರ ಐದನೇ ಸುತ್ತಿನಲ್ಲಿ ಜಿಲ್ಲೆಗೊಂದು ಫ್ಯಾಕ್ಟ್‌ಶೀಟ್ ಬಂದಿದೆ. ಇದು ಮನೆಮನೆ ಎಣಿಕೆಯಲ್ಲ, ಕೆಲವು ಮನೆ ಆರಿಸಿಕೊಂಡು ಮಾಡಿದ ಸರ್ವೆ. ತಾಲ್ಲೂಕಿನ ಅಂಕಿ ಅದರಲ್ಲಿ ಇಲ್ಲ, ಹುಡುಕಬೇಡಿ.

[ಫ್ಯಾಕ್ಟ್‌ಶೀಟ್ ಜೂಮ್]

ಈ ಅಂಕಿ ಬ್ರಾಕೆಟ್ ಒಳಗಿದೆ, ಕಂಡಿತಾ? ಅಂದರೆ ಅದರ ಹಿಂದೆ ಇರುವುದು 25ರಿಂದ 49 ಜನರ ಉತ್ತರ ಅಷ್ಟೇ. 25ಕ್ಕಿಂತ ಕಡಿಮೆ ಇದ್ದರೆ ಅಂಕಿಯೇ ಕೊಡಲ್ಲ, ನಕ್ಷತ್ರದ ಗುರುತು (*) ಹಾಕಿ ಬಿಡುತ್ತಾರೆ. ಬ್ರಾಕೆಟ್ ತೆಗೆದು 'ನಮ್ಮ ಜಿಲ್ಲೆಯಲ್ಲಿ ಇಷ್ಟು ಪರ್ಸೆಂಟ್' ಅಂತ ಪೋಸ್ಟರ್ ಮಾಡಿ ಹಂಚುವವರು ಇದ್ದಾರೆ. ನೀವು ಹಂಚುವುದಾದರೆ ಆ ಬ್ರಾಕೆಟ್ ಸಮೇತ ಹಂಚಿ.