ಮನೆ ಹತ್ತಿರದ ಬಿಜ್ಜು ಗೂಡು: ಕ್ಯಾಮೆರಾ ಎಲ್ಲಿಗೆ ತಿರುಗಿಸಬೇಕು?

ಈಗ ಪರದೆ ಮೇಲಿರೋದು ಬಿಜ್ಜು, ಶಿಕ್ರಾ ಅಂತಲೂ ಕರೀತಾರೆ. ಪಾರಿವಾಳದಷ್ಟು ಗಾತ್ರದ ಬೇಟೆ ಹಕ್ಕಿ. ಕಣ್ಣು ಕಡು ಕೆಂಪಗಿದ್ರೆ ಗಂಡು. ಹೆಣ್ಣಿನ ಕಣ್ಣು ಹಳದಿ ಕಡೆಗಿರುತ್ತೆ, ಮೈಯೂ ಸ್ವಲ್ಪ ದೊಡ್ಡದು. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲೂ ದೊಡ್ಡ ಮಾವೋ ಬೇವೋ ಇದ್ರೆ ಗೂಡು ಕಟ್ಟುತ್ತೆ. ಕಾಲ ಮಾರ್ಚ್‌ನಿಂದ ಜೂನ್. ಎತ್ತರದ ಕವಲಲ್ಲಿ ಒಣ ಕಡ್ಡಿ ಪೇರಿಸಿರುತ್ತೆ, ಕೆಳಗಿಂದ ನೋಡಿದ್ರೆ ಕಾಗೆ ಗೂಡೇ ಅನ್ನಿಸುತ್ತೆ. ಕೂಗನ್ನ ಮಾತ್ರ ನಂಬ್ಕೊಂಡು ಹುಡುಕಬೇಡಿ, ಕಾಜಾಣ ಇದರ ಕೂಗನ್ನ ತದ್ರೂಪ ಅನುಕರಿಸುತ್ತೆ.

ಗೂಡು ಕಟ್ಟುವಾಗ, ಮೊಟ್ಟೆ ಇಟ್ಟ ಹೊಸದರಲ್ಲಿ ಕ್ಯಾಮೆರಾ ಒಳಗೇ ಇರಲಿ. ಬೇಟೆ ಹಕ್ಕಿಗಳು ಗೂಡು ಬಿಟ್ಟು ಹೋಗೋ ಸಾಧ್ಯತೆ ಜಾಸ್ತಿ ಇರೋದು ಆಗಲೇ. ಕಾವು ಸುಮಾರು ಮೂರು ವಾರ. ಮರಿ ಹೊರಬಂದ ಮೊದಲ ದಿನಗಳಲ್ಲಿ ಅದಕ್ಕೆ ಮೈ ಬಿಸಿ ಹಿಡಿತದಲ್ಲಿ ಇಟ್ಕೊಳ್ಳೋಕೆ ಬರಲ್ಲ. ಏಪ್ರಿಲ್ ಮಧ್ಯಾಹ್ನ ತಾಯಿ ರೆಕ್ಕೆ ಬಿಡಿಸಿ ನೆರಳು ಕೊಡ್ತಾ ನಿಂತಿರುತ್ತೆ. ನೀವು ಅದನ್ನ ಎಬ್ಬಿಸಿದ್ರೆ ಮರಿಗೆ ಬಿಸಿಲು ಬಡಿಯುತ್ತೆ, ಕಾಗೆಗೂ ದಾರಿಯಾಗುತ್ತೆ. ಅಡ್ಡ ಇರೋ ಎಲೆ, ಕೊಂಬೆ ಕಡಿಯೋದು ಇನ್ನೂ ಕೆಟ್ಟದ್ದು: ಒಂದೇ ಏಟಿಗೆ ನೆರಳೂ ಮರೆಯೂ ಎರಡೂ ಹೋಗುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡಿಗೆ ತೊಂದರೆ ಕೊಡೋದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತೆ.

ಹಾಗಾದ್ರೆ ಫೋಟೋ ಎಲ್ಲಿ? ಗೂಡಿಂದ ಸ್ವಲ್ಪ ದೂರದಲ್ಲಿ ಒಂದು ಬೋಳು ಕೊಂಬೆ ಇರುತ್ತೆ, ಅದನ್ನ ಹುಡುಕಿ. ಕೆಳಗೆ ಕಿತ್ತ ಪುಕ್ಕ, ಬಿಳಿ ಹಿಕ್ಕೆ, ಕೆಲವು ಸಲ ಅಳಿಲಿನ ಬಾಲ ಬಿದ್ದಿದ್ರೆ ಜಾಗ ಅದೇ. ಬೇಟೆ ಹೆಚ್ಚಾಗಿ ಗಂಡಿನ ಕೆಲಸ. ಈ ದೃಶ್ಯ ನೋಡಿ: ಕಾಲಲ್ಲಿ ಓತಿಕ್ಯಾತ ಹಿಡ್ಕೊಂಡು ಬಂದು ಕೂತ ಗಂಡು ಕೂಗ್ತು. ಹೆಣ್ಣು ಗೂಡಿಂದ ಎದ್ದು ಬಂತು. ಕೊಂಬೆ ಮೇಲೇ ಕಾಲಿಂದ ಕಾಲಿಗೆ ಬೇಟೆ ಹೋಯ್ತು, ಎಲ್ಲಾ ಎರಡೇ ಸೆಕೆಂಡು. ಗೂಡಲ್ಲಿ ಕೂತಿರೋ ಹಕ್ಕಿಯ ಬಾಲದ ತುದಿ ತೆಗೆಯೋದಕ್ಕಿಂತ ಇದು ನೂರು ಪಾಲು ಒಳ್ಳೆ ಚಿತ್ರ, ಹಕ್ಕಿಗೆ ತೊಂದರೆಯೂ ಕಮ್ಮಿ.

ಮೂವತ್ತು ನಲವತ್ತು ಮೀಟರ್ ದೂರದ ತಾರಸಿ ಅಥವಾ ಕಿಟಕಿ ಸಾಕು. 150–600 ಮಿ.ಮೀ. ಲೆನ್ಸು, ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್ ಇರೋ) ಕ್ಯಾಮೆರಾ ಬಾಡಿ ಇದ್ರೆ ಹಕ್ಕಿ ಸಾಕಷ್ಟು ದೊಡ್ಡದಾಗಿ ಕಾಣುತ್ತೆ. ಪ್ಯಾರಪೆಟ್ ಮೇಲೆ ಎರಡು ಕೆಜಿ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು ಲೆನ್ಸ್ ಒರಗಿಸಿ, ಟ್ರೈಪಾಡಿಗಿಂತ ಬೇಗ ತಿರುಗುತ್ತೆ. ಕೂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡು, ಹಾರಾಟಕ್ಕೆ 1/2000. ಹಿಂದೆ ಬೆಳ್ಳಗಿನ ಆಕಾಶ ಇದ್ರೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಚಿತ್ರದ ಬೆಳಕು ಹೆಚ್ಚು ಕಮ್ಮಿ ಮಾಡೋ ಸೆಟ್ಟಿಂಗ್) +1ರಿಂದ +1.7ರವರೆಗೆ ಏರಿಸಿ, ಇಲ್ಲಾಂದ್ರೆ ಹಕ್ಕಿ ಕಪ್ಪು ಆಕಾರವಾಗಿ ಉಳಿಯುತ್ತೆ. ಎಲೆಗಳ ಮಧ್ಯೆ ಆಟೋಫೋಕಸ್ ಮುಂದಿನ ಎಲೆಗೇ ಅಂಟ್ಕೊಳ್ಳುತ್ತೆ. ಒಂದೇ ಬಿಂದುವಿಗೆ ಫೋಕಸ್ ಮಾಡೋ ಸಿಂಗಲ್ ಪಾಯಿಂಟ್‌ನಲ್ಲಿ ಬೋಳು ಕೊಂಬೆಗೆ ಮೊದಲೇ ಫೋಕಸ್ ಇಟ್ಟು ಕಾಯಿರಿ. ಸದ್ದು ಮಾಡದ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಒಳ್ಳೇದೇ, ಆದ್ರೆ ಸೆನ್ಸರ್ ನಿಧಾನವಾಗಿ ಓದೋ ಕ್ಯಾಮೆರಾಗಳಲ್ಲಿ ಬಡಿಯೋ ರೆಕ್ಕೆ ಸೊಟ್ಟಗೆ ಬರುತ್ತೆ.

ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆಯಲ್ಲೇ ಮುಗಿಸಿ. ಆಮೇಲೆ ಕಾದ ತಾರಸಿಯಿಂದ ಏಳೋ ಬಿಸಿಗಾಳಿ ಚಿತ್ರವನ್ನ ಮಬ್ಬು ಮಾಡುತ್ತೆ. ಎಷ್ಟೋ ಜನ ಆಗ ಲೆನ್ಸನ್ನೇ ಬೈತಾರೆ, ಪಾಪ, ಅದರ ತಪ್ಪೇನೂ ಇರಲ್ಲ.

ಫ್ಲ್ಯಾಶ್, ಡ್ರೋನ್, ಕೂಗಿನ ರೆಕಾರ್ಡಿಂಗ್ ಬೇಡವೇ ಬೇಡ. ಹೆಣ್ಣು ಕತ್ತು ಚಾಚಿ ನಿಮ್ಮನ್ನೇ ದಿಟ್ಟಿಸ್ತಿದೆ, ಬಿಡದೆ ಕೂಗ್ತಿದೆ, ಬೇಟೆ ಹಿಡಿದ ಗಂಡು ಬರೋಕೆ ಹಿಂಜರೀತಿದೆ ಅಂದ್ರೆ ನೀವು ತೀರಾ ಹತ್ತಿರ ಇದ್ದೀರಿ. ತಕ್ಷಣ ಹಿಂದೆ ಸರೀರಿ.

ಸುಮಾರು ನಾಲ್ಕು ವಾರಕ್ಕೆ ಮರಿಗಳು ಸರಿಯಾಗಿ ಹಾರೋಕೆ ಮೊದಲೇ ಪಕ್ಕದ ಕೊಂಬೆಗಳಿಗೆ ಬಂದು ಕೂರ್ತವೆ. ಎದೆ ಮೇಲೆ ಕಂದು ಗೀರು ಇರುತ್ತೆ. ಬಿದ್ದುಬಿಟ್ಟಿದೆ ಅಂದ್ಕೊಂಡು ಹಿಡಿದು ಮನೆಗೆ ತರಬೇಡಿ, ತಂದೆ ತಾಯಿ ಅಲ್ಲಿಗೇ ಊಟ ತಂದ್ಕೊಡ್ತವೆ. ಮರಿಗಳ ಚಿತ್ರ ಬೇಕಾದ್ರೆ ಇದೇ ಸರಿಯಾದ ಸಮಯ.

ಅವು ಮರ ಬಿಟ್ಟು ಹೋಗೋವರೆಗೂ ಏನನ್ನೂ ಅಪ್‌ಲೋಡ್ ಮಾಡಬೇಡಿ. ಫೈಲಿನಲ್ಲಿರೋ ಲೊಕೇಶನ್ ತೆಗೆದುಹಾಕಿ. ವಿಡಿಯೊ ಆದ್ರೆ ಹಿನ್ನೆಲೆಯಲ್ಲಿ ಅಂಗಡಿ ಬೋರ್ಡು, ಅಪಾರ್ಟ್‌ಮೆಂಟಿನ ಹೆಸರು ಕಾಣಿಸ್ತಿದ್ಯಾ ಅಂತ ನೋಡಿ, ಕಾಣಿಸಿದ್ರೆ ಆ ತುಂಡನ್ನೇ ಕತ್ತರಿಸಿ.