ಮೊದಲು ಬಾಯಿ, ಆಮ್ಯಾಲೆ ಪೇಟಿ

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯಾಗ ಹಾಡೋರಿಗೆ ಬರ ಇಲ್ಲ. ಶರಣಬಸವೇಶ್ವರ ಜಾತ್ರಿ, ಬಂದೇ ನವಾಜರ ಉರುಸು, ಓಣಿ ಓಣಿಗೊಂದು ಭಜನಾ ಮಂಡಳಿ, ಮದುವಿ ಆರ್ಕೆಸ್ಟ್ರಾ, ಈಗ ಫೋನಿನಾಗ ಕರಾವೋಕೆ. ಕೇಳಿದ ಸಿನಿಮಾ ಹಾಡನ್ನ ಎರಡು ದಿನದಾಗ ಹಂಗೇ ಎತ್ತಿ ಹಾಡೋ ಹುಡುಗೂರು ಈ ಸಭಾದಾಗೇ ಕುಂತೀರಿ. ಆದ್ರ ಎಂದೂ ಕೇಳದ ಟ್ಯೂನನ್ನ ಹಾಳಿ ಮ್ಯಾಲೆ ಬರೆದು ಕೈಗೆ ಕೊಟ್ರ? ಜೂನಿಯರ್ ಪರೀಕ್ಷಾ ಪಾಸಾದೋರು, ಮೂರು ವೇಗದಾಗ ಅಲಂಕಾರ, ಅಂದ್ರ ಸ್ವರಾಭ್ಯಾಸದ ಸಾಲು, ಹೇಳೋರು ಸೈತ "ಸರ್, ಒಮ್ಮೆ ಬಾರಿಸಿ ತೋರಸ್ರಿ" ಅಂತಾರ. ಅಲಂಕಾರ ಬಾಯಿಪಾಠ ಆಗಿರ್ತದ, ಓದೋದು ಬಂದಿರಂಗಿಲ್ಲ.

ಬೇಕಂದ್ರ ಪರೀಕ್ಷಾ ಮಾಡಿ ನೋಡ್ರಿ. ಸಾ ಗ ರೆ ಪ ಮ ನಿ ಧ ಸಾ. ಎಂಟೇ ಸ್ವರ, ಎಲ್ಲಾ ಶುದ್ಧ, ಅಂದ್ರ ಏರಿಸದ ಇಳಿಸದ ಮೂಲ ಸ್ವರ. ತಂಬೂರಿ ಹಚ್ಚಿ ಹಾಡ್ರಿ. ಎಡವೋದು ಮ ದಿಂದ ನಿ ಗೆ ಹಾರೋ ಜಾಗದಾಗ. ಅಲ್ಲಿ ಆರು ಅರ್ಧ ಸ್ವರದ ಅಂತರ ಅದ. ಅರ್ಧ ಸ್ವರ ಅಂದ್ರ ಪೇಟಿಯ (ಹಾರ್ಮೋನಿಯಂ) ಒಂದು ಮನಿಯಿಂದ ಪಕ್ಕದ ಮನಿ, ಕರೀದು ಬಿಳೇದು ಕೂಡಿಸಿ. ಗಂಟಲಿಗೆ ಐದರ ಜಿಗಿತ ರೂಢಿ, ಸಾ ದಿಂದ ಮ, ಪ ದಿಂದ ಮ್ಯಾಲಿನ ಸಾ ಹಾರೋದು ಅದೇ. ಹಿಂಗಾಗಿ ಶುದ್ಧ ನಿ ಬದಲಿ ಕೋಮಲ ನಿ, ಅಂದ್ರ ಅರ್ಧ ಸ್ವರ ಇಳಿದ ನಿ, ಬೀಳ್ತದ, ಹಾಡಿದೋರಿಗೆ ಅದು ಗೊತ್ತೂ ಆಗಂಗಿಲ್ಲ. ಇದಕ್ಕ ಮದ್ದು ಏನು? ಮ ದಿಂದ ಅಳೀಬ್ಯಾಡ್ರಿ. ಮ್ಯಾಲಿನ ಸಾ ಮನಸ್ಸಿನಾಗ ಹಿಡೀರಿ, ಅದರ ಕೆಳಗಿನ ಮೆಟ್ಟಲಿಗೆ ನಿ ಅದ, ನೇರ ಅಲ್ಲೇ ಹೋಗ್ರಿ.

ನಾನು ಇವತ್ತು ಹೇಳಬೇಕಂದಿದ್ದು ಬಹುತೇಕ ಇಷ್ಟೇ. ಪ್ರತಿ ಸ್ವರಕ್ಕೂ ಸಾ ಜೋಡಿ ಒಂದು ಸಂಬಂಧ ಅದ. ಆ ಸಂಬಂಧ ಕಿವಿಗೆ ಪರಿಚಯ ಆಗಬೇಕು. ಪರಿಚಯ ಆಗೋದು ಹಾಡಿದ್ರ ಮಾತ್ರ. ಅದಕ್ಕ ಮೊದಲು ಬಾಯಿ, ಆಮ್ಯಾಲೆ ಪೇಟಿ.

ಬಹಳ ಕಡೆ ಬ್ಯಾರೆ ಉಪಾಯ ಕಲಸ್ತಾರ: ಒಂದೊಂದು ಅಂತರಕ್ಕೂ ಒಂದು ಪ್ರಸಿದ್ಧ ಹಾಡಿನ ಮೊದಲ ಎರಡು ಸ್ವರ ನೆನಪಿಟ್ಕೋಳ್ರಿ ಅಂತ. ನನಗದು ಒಪ್ಪಿಗಿ ಇಲ್ಲ. ಸಾ–ಮ, ರೆ–ಪ, ಪ–ಸಾ, ಮೂರೂ ಅಳತೀಲೆ ಒಂದೇ, ಐದು ಅರ್ಧ ಸ್ವರ. ಆದ್ರ ಪ–ಸಾ ಮನಿಗೆ ಬಂದಂಗ ಆಗ್ತದ, ಸಾ–ಮ ಮನಿ ಬಿಟ್ಟು ಹೊರಟಂಗ. ಅಳತಿ ಒಂದೇ ಇದ್ರೂ ಕಿವಿಗೆ ಅವು ಬ್ಯಾರೆ ಬ್ಯಾರೆ. ಮ್ಯಾಲಾಗಿ ಹಾಡು ಓಡೋವಾಗ ಇನ್ನೊಂದು ಹಾಡು ನೆನಿಸಕ್ಕ ಪುರಸತ್ತು ಎಲ್ಲದ?

ಓದಿ ಹಾಡೋ ಈ ತೊಡಕು ಇಂದಿನ ಮಾತಲ್ಲ. ಸುಮಾರು 1000 ವರ್ಷದ ಹಿಂದ ಇಟಲಿಯ ಅರೆಝ್ಝೋದಾಗ ಗೀದೋ ಅನ್ನೋ ಸನ್ಯಾಸಿ ಇದ್ದ. ಮಠದ ಹುಡುಗೂರು ಸ್ತೋತ್ರ ಬಾಯಿಪಾಠ ಮಾಡೋದ್ರಾಗೇ ವರ್ಷಗಟ್ಟಲೆ ಕಳೀತಿದ್ರು, ಹೊಸದು ಬಂದ್ರ ಮತ್ತ ಗುರುವೇ ಹಾಡಿ ತೋರಸಬೇಕು. ಗೀದೋ ಸಂತ ಯೋಹಾನನ ಸ್ತೋತ್ರ ಒಂದು ಹಿಡದ. ಅದರ ಮೊದಲ ಆರು ತುಣುಕು ಒಂದರಕಿಂತ ಒಂದು ಒಂದು ಮೆಟ್ಟಲು ಮ್ಯಾಲೆ ಶುರುವಾಗ್ತಾವ. ಆ ಆರು ಶುರುವಿನ ಅಕ್ಷರ ಉತ್, ರೆ, ಮಿ, ಫಾ, ಸೋಲ್, ಲಾ. ಹುಡುಗ ಯಾವ ಸ್ವರಕ್ಕ ತಡವರಿಸ್ತಾನೋ ಆ ತುಣುಕು ನೆನಿಸಬೇಕು, ಆರೂ ಒಂದೇ ಸ್ತೋತ್ರದಾಗ ಇರೋದ್ರಿಂದ ಸ್ವರದ ಜಾಗಾ ತಪ್ಪಂಗಿಲ್ಲ. ಜೋಡಿಗೆ ಗೆರಿ ಮ್ಯಾಲೆ ಬರೆಯೋ ಪದ್ಧತಿ. ಈ ಸುದ್ದಿ ರೋಮಿಗೆ ಮುಟ್ಟಿತು. ಪೋಪ್ 19ನೇ ಜಾನ್ ಅವನನ್ನ ಕರೆಸಿ, ಪುಸ್ತಕ ಅದ್ಭುತ ಕಂಡಂಗ ತಿರುವಿ ನೋಡಿ, ತಾನು ಎಂದೂ ಕೇಳದ ಒಂದು ಸಾಲು ಸ್ವತಃ ಹಾಡೋ ತನಕ ಬಿಡಲಿಲ್ಲವಂತ. ಇದನ್ನೆಲ್ಲಾ ಗೀದೋನೇ ಗೆಳೆಯನಿಗೆ ಪತ್ರದಾಗ ಬರೆದಾನ. ಬ್ಯಾಸಿಗಿ ಬಂದ ಕೂಡಲೇ ರೋಮಿನ ಸೆಕೆ ತಡೀಲಾರದೆ ಊರು ಬಿಟ್ಟ ಅನ್ನೋದೂ ಅದರಾಗೇ ಅದ. ಪುಣ್ಯಾತ್ಮ, ಮೇ ತಿಂಗಳಾಗ ಕಲಬುರಗಿಗೆ ಬರಬೇಕಿತ್ತು!

ಆ ಪತ್ರದಾಗ ನನಗ ಬೇಕಾದ ಮಾತು ಬ್ಯಾರೆ. ಆಗ ಸ್ವರ ಹುಡುಕಲಿಕ್ಕ ಒಂಟಿ ತಂತಿಯ ವಾದ್ಯ ಇಟ್ಕೋತಿದ್ರು. ಗೀದೋ ಹೇಳ್ತಾನ: ಹೊಸಬರಿಗೆ ಅದು ಒಳ್ಳೇದು, ಮುಂದುವರೆದೋರಿಗೆ ಭಾಳ ಕೆಟ್ಟದ್ದು. ನಮ್ಮ ಪೇಟಿ ಕಥಿನೂ ಅದೇ. ಬಲಗೈ ಹಾಡಿನ ಸ್ವರಾನೇ ಬಾರಸ್ಕೋತ ಹೋಗ್ತದ, ಗಂಟಲು ಅದರ ಬೆನ್ನ ಹಿಂದ ನಡೀತದ. ಕೇಳಿದ್ದನ್ನ ನಕಲು ಮಾಡೋದು ಆ ಗಂಟಲಿಗೆ ಮೊದಲೇ ಬರ್ತಿತ್ತು, ಹೊಸದೇನು ಕಲೀಲಿಲ್ಲ. ಉಲ್ಟಾ ಮಾಡ್ರಿ. ತಂಬೂರಿ ಆ್ಯಪ್ ಸಣ್ಣಗ ಹಚ್ಚರಿ, ಗ ಬೇಕಾದ್ರ ಗ ಹಾಡಿ ನಾಲ್ಕು ಎಣಿಕಿ ಹಿಡೀರಿ, ಆಮ್ಯಾಲೆ ಪೇಟಿಯ ಮನಿ ಒತ್ತಿ ನೋಡ್ರಿ. ತಪ್ಪಿದ್ರ ಸ್ವರ ಜಾರಿಸಿ ಸರಿಮಾಡಬ್ಯಾಡ್ರಿ. ನಿಲ್ಲಿಸಿ, ಸಾ ಹಾಡಿ, ಮತ್ತ ಸಾ ದಿಂದ ಬರ್ರಿ.

ಸಾ ಕೂಡಿತೋ ಇಲ್ಲೋ ಹ್ಯಾಂಗ ತಿಳೀಬೇಕು? ಪೇಟಿಯ ಕಾಳಿ ಒಂದು, ಅಂದ್ರ ಮೊದಲ ಕರೀ ಮನಿ, ನಡು ಸಪ್ತಕದಾಗ ಸುಮಾರು 277 ಹರ್ಟ್ಜ್, ಸೆಕೆಂಡಿಗೆ ಅಷ್ಟು ಕಂಪನ. ನೀವು 279 ಹಾಡಿದ್ರ ಸೆಕೆಂಡಿಗೆ ಎರಡು ಸಲ ದನಿ ಏರಿಳೀತದ, ಒಂದು ನಮೂನಿ ನಡುಕ. ಹತ್ತಿರ ಬಂದಂಗ ನಡುಕ ನಿಧಾನ ಆಗ್ತದ, ಕೂಡಿದಾಗ ನಿಲ್ತದ. ಬಾಯಿ ಮುಚ್ಚಿ ಗುನುಗಿದ್ರ ಇದು ಛಲೋ ಕೇಳಸ್ತದ. ಸಾ, ಪ, ಮ್ಯಾಲಿನ ಸಾ ಮೂರೂ ಗಟ್ಟಿ ಆಗೋ ತನಕ ಮುಂದ ಹೋಗಬ್ಯಾಡ್ರಿ. ಆಮ್ಯಾಲೆ ಗ. ಉಳಿದ ನಾಲ್ಕನ್ನ ಅವು ಹೋಗಿ ಸೇರೋ ಸ್ವರದ ಜೋಡಿ ಕಲೀರಿ: ರೆ ಸಾ ಕಡಿ, ಮ ಗ ಕಡಿ, ಧ ಪ ಕಡಿ, ನಿ ಮ್ಯಾಲಿನ ಸಾ ಕಡಿ. ಕೋಮಲ ನಾಲ್ಕು, ತೀವ್ರ ಮ (ಅರ್ಧ ಸ್ವರ ಏರಿದ ಮ), ಇವೆಲ್ಲಾ ಅದರ ನಂತರ.

ಇಲ್ಲೊಂದು ತೊಡಕು ಅದ, ಯಾರೂ ಹೇಳಂಗಿಲ್ಲ. ತಂಬೂರಿಯ ಖರ್ಜದ (ಕೆಳಗಿನ ಸಾ) ತಂತಿಯಾಗ ತಾನಾಗೇ ಕೇಳಸೋ ಗ ಮತ್ತು ಕೀಬೋರ್ಡಿನ ಗ ಒಂದೇ ಅಲ್ಲ. ಅರ್ಧ ಸ್ವರಕ್ಕ 100 ಸೆಂಟ್ ಅಂತ ಹಿಡದ್ರ ಕೀಬೋರ್ಡಿನ ಗ 14 ಸೆಂಟ್ ಏರು. ಪ ದಾಗ ಬರೇ 2ರ ವ್ಯತ್ಯಾಸ, ಅದು ಲೆಕ್ಕಕ್ಕಿಲ್ಲ. ಭಜನದಾಗ ಬೆಳೆದ ಕಿವಿಗೆ ಆರ್ಕೆಸ್ಟ್ರಾದಾಗ ಗ "ಸ್ವಲ್ಪ ಚೂಪು" ಅನಸೋದು ಇದಕ್ಕೇ. ಕಿವಿ ಕೆಟ್ಟಿಲ್ಲ. ಏಕತಾರಿ ಹಿಡದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡೋವಾಗ ತಂತಿ ಮಾತು ಕೇಳ್ರಿ, ಕೀಬೋರ್ಡ್ ಜೋಡಿ ಹಾಡೋವಾಗ ಕೀಬೋರ್ಡಿನ ಮಾತು ಕೇಳ್ರಿ.

ಈಗ ಓದೋದು. ಹಿಂದೂಸ್ತಾನಿ ಸ್ವರ ಬರೆಯೋ ಭಾತಖಂಡೆ ಲಿಪಿ ನಿಮಗ ಗೊತ್ತದ: ಕೋಮಲಕ್ಕ ಕೆಳಗ ಅಡ್ಡ ಗೆರಿ, ತೀವ್ರ ಮ ಕ್ಕ ಮ್ಯಾಲೆ ಉದ್ದ ಗೆರಿ, ತಾರಕ್ಕ (ಮ್ಯಾಲಿನ ಸಪ್ತಕ) ಮ್ಯಾಲೆ ಚುಕ್ಕಿ, ಮಂದ್ರಕ್ಕ (ಕೆಳಗಿನ ಸಪ್ತಕ) ಕೆಳಗ. ಸ್ಟುಡಿಯೋದಾಗ ಐದು ಗೆರಿಯ ಸ್ಟಾಫ್, ಅಂದ್ರ ಪಶ್ಚಿಮದ ಸ್ವರಲಿಪಿ, ಕೈಗೆ ಬಂದ್ರ ಅಂಜಬ್ಯಾಡ್ರಿ. ಅಲ್ಲಿ ಸಾ ಹುಡುಕಿದ್ರ ಅರ್ಧ ಕೆಲಸ ಮುಗೀತು. ಸಾಲಿನ ಶುರುವಿನಾಗ ಶಾರ್ಪ್ (ಅರ್ಧ ಸ್ವರ ಏರಿಸೋ ಗುರುತು) ಇದ್ರ ಕಡೀ ಶಾರ್ಪೇ ನಿ, ಅದರ ಮ್ಯಾಲಿನದು ಸಾ. ಎರಡು ಶಾರ್ಪ್ ಇದ್ರ ಎಫ್ ಮತ್ತು ಸಿ (ಇವು ಪಶ್ಚಿಮದ ಸ್ವರದ ಹೆಸರು), ಕಡೀದು ಸಿ ಶಾರ್ಪ್, ಅದು ನಿ, ಹಂಗಾದ್ರ ಸಾ ಡಿ ಮ್ಯಾಲೆ. ಫ್ಲಾಟ್ (ಅರ್ಧ ಸ್ವರ ಇಳಿಸೋ ಗುರುತು) ಇದ್ರ ಕಡೀ ಫ್ಲಾಟ್ ಮ. ಒಂದೇ ಬಿ ಫ್ಲಾಟ್ ಇದ್ರ ಅದು ಮ, ಸಾ ಎಫ್ ಮ್ಯಾಲೆ. ಮೈನರ್ ಹಾಡಾದ್ರ ಹಿಂಗ ಸಿಕ್ಕ ಸಾ ದ ಧ ಎಲ್ಲದನೋ ಅದನ್ನೇ ಸಾ ಮಾಡ್ಕೋಳ್ರಿ. ಆಗ ಗ, ಧ, ನಿ ಕೋಮಲ ಆಗಿ ಆಸಾವರಿ ಥಾಟ್ (ಸ್ವರಗಳ ಸಾಲು) ಬರ್ತದ. ಪಶ್ಚಿಮದ ಕೆಲವರು ಮೈನರಿನಾಗ ಲಾ (ನಮ್ಮ ಧ) ದಿಂದ ಶುರು ಮಾಡ್ತಾರ. ನಮ್ಮ ಕಿವಿ ಸಾ ದಾಗ ನಿಂತು ಬೆಳೆದದ, ಅದನ್ನ ಕೆಡಸಬ್ಯಾಡ್ರಿ. ಮೇಜರೋ ಮೈನರೋ ತಿಳೀಲಿಲ್ಲಂದ್ರ ಕಡೀ ಸಾಲಿನಾಗ ಬೇಸ್ (ಎಲ್ಲಕ್ಕಿಂತ ಕೆಳಗಿನ ದನಿ) ಎಲ್ಲಿ ಕೂಡ್ತದ ನೋಡ್ರಿ.

ಲಯ ಮೊದಲು, ಸ್ವರ ಆಮ್ಯಾಲೆ. ನಾಲ್ಕು ಎಣಿಕಿಯ ಬಾರಿಗೆ (ಲಯದ ಒಂದು ಸುತ್ತಿಗೆ) ಎಂಟು ಅರ್ಧ ಎಣಿಕಿ: ಧಾ ಗೆ ನಾ ತಿ ನ ಕ ಧಿ ನ. ಕೆಹರ್ವಾ ತಾಳ ಗೊತ್ತಿದ್ದೋರಿಗೆ ಇದು ಉಚಿತವಾಗಿ ಸಿಕ್ಕ ಎಣಿಕಿ. ಸಿನಿಮಾ ಪಲ್ಲವಿ ಸಮಕ್ಕ (ಬಾರಿನ ಮೊದಲ ಎಣಿಕಿಗೆ) ಶುರು ಆಗೋದಕಿಂತ ಹಿಂದಿನ ಬಾರಿನ ಧಿ ಮ್ಯಾಲೋ, ಸಮ ಬಿಟ್ಟು ಗೆ ಮ್ಯಾಲೋ ಎತ್ತೋದು ಹೆಚ್ಚು. ಎರಡು ಸ್ವರ ಕಮಾನಿನ ಗೆರಿ ಹಾಕಿ ಕಟ್ಟಿದ್ರ ಸಮದ ಮ್ಯಾಲೆ ಮತ್ತೊಮ್ಮೆ ಗುದ್ದಬಾರದು, ದನಿ ಹರಕೋತ ಹೋಗಬೇಕು. ಹಾಡಕ್ಕಿಂತ ಮೊದಲು ಅರ್ಧ ನಿಮಿಷ ಹಾಳಿ ನೋಡ್ರಿ: ಸಾ ಎಲ್ಲಿ, ಎತ್ತರದ್ದು ಯಾವುದು, ದೊಡ್ಡ ಜಿಗಿತ ಎಲ್ಲಿ, ಮುಗಿಯೋದು ಎಲ್ಲಿ. ಶುರು ಮಾಡಿದ ಮ್ಯಾಲೆ ನಿಲ್ಲಬ್ಯಾಡ್ರಿ. ಸ್ವರ ತಪ್ಪಿದ್ರ ತಪ್ಪಲಿ, ಎಣಿಕಿ ತಪ್ಪಬಾರದು.

ಚೀಟಿ ಬಂತು, ಐದು ನಿಮಿಷ ಅದಂತ. ಕಾರ್ಡ್, ಅಂದ್ರ ಕೂಡೇ ಬಾರಿಸೋ ಮೂರು ಸ್ವರ, ಅದರ ಬಗ್ಗೆ ಜಲ್ದಿ ಹೇಳ್ತೀನಿ. ಸಾ ಗ ಪ ಒಂದನೇದು, ಮ ಧ ಸಾ ನಾಲ್ಕನೇದು, ಪ ನಿ ರೆ ಐದನೇದು, ಧ ಸಾ ಗ ಆರನೇ ಮೈನರ್. ಒಂದು ಮತ್ತು ಆರು ಅದಲಿಬದಲಿ ಆಗ್ತಾವ, ಯಾಕಂದ್ರ ಸಾ, ಗ ಎರಡರಾಗೂ ಅವ. ಬೇಸ್ ಸಾ ಮ್ಯಾಲದನೋ ಧ ಮ್ಯಾಲದನೋ ಹಾಡಿ ನೋಡ್ರಿ, ಬಗೆಹರೀತದ. ಫೋನಿನ ಸ್ಪೀಕರಿನಾಗ ಕೆಳಗಿನ ಬೇಸ್ ಕೇಳಸಂಗಿಲ್ಲ, ಇಯರ್‌ಫೋನ್ ಹಾಕ್ರಿ. ಕೇಳಿ ಬರೆಯೋವಾಗ ಒಮ್ಮೆಗೆ ನಾಲ್ಕು ಬಾರಿಗಿಂತ ಹೆಚ್ಚು ತಗೋಬ್ಯಾಡ್ರಿ, ಗುನುಗಿದ ಮ್ಯಾಲೇ ಬರೀರಿ. ದಿನಾ 15 ನಿಮಿಷ ಸಾಕು, ವಾರಕ್ಕೊಮ್ಮೆ ಎರಡು ತಾಸು ಕೂಡೋದಕಿಂತ ಅದೇ ಛಲೋ.

ಈಗ ಹಾಳಿ ಹಂಚ್ತಾರ, ನಾಲ್ಕು ಸಾಲು, ಎರಡು ಶಾರ್ಪ್. ತಂಬೂರಿ ಡಿ ಗೆ ಹಚ್ಚಿ, ಲಯ ನಿಮಿಷಕ್ಕ 60 ಎಣಿಕಿಗೆ ಇಡ್ತೀವಿ. ಗಂಡಸರು ಕೆಳಗಿನ ಸಪ್ತಕ, ಹೆಣ್ಣುಮಕ್ಕಳು ಮ್ಯಾಲಿಂದು. ಮೊದಲ ಸುತ್ತು ಬರೇ ಚಪ್ಪಾಳಿ ಮತ್ತು ಧಾಗೆ ನಾತಿ, ಎರಡನೇ ಸುತ್ತಿಗೆ ಸ್ವರ. ಪೇಟಿ ಮಾಸ್ತರರೇ, ಭಾತಾ (ಗಾಳಿ ತಿದಿ) ಮುಚ್ಚೇ ಇರ್ಲಿ, ನಾಲ್ಕನೇ ಸಾಲು ಮುಗಿದ ಮ್ಯಾಲೆ ಒಂದು ಸಾ ಕೊಡ್ರಿ, ಎಲ್ಲಿಗೆ ಬಂದೀವಿ ನೋಡೋಣು.