ಆರತಕ್ಷತೆಗಷ್ಟೇ ಕರೆಯುವಾಗ ಪತ್ರಿಕೆಯಲ್ಲಿ ಏನು ಬರೆಯಬೇಕು?

ನಮಸ್ಕಾರ. ಮೇಜಿನ ತುಂಬ ಹರಡಿರುವುದು ನಮ್ಮ ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳು. ಅಮ್ಮ ಒಂದನ್ನೂ ಎಸೆದವರಲ್ಲ. ಈಗ ನಮ್ಮ ಮನೆಯದೇ ಸರದಿ. ತಂಗಿಯ ಮದುವೆ ಊರಿನಲ್ಲಿ, ಮನೆದೇವರ ಗುಡಿಯಲ್ಲಿ. ಅಲ್ಲಿ ಹತ್ತಿರದ ಬಂಧುಗಳಿಗಷ್ಟೇ ಜಾಗ. ಅದಾದ ಮೇಲೆ ಭಾನುವಾರ ಸಂಜೆ ಬೆಂಗಳೂರಿನ ಬಸವನಗುಡಿಯಲ್ಲಿ ಆರತಕ್ಷತೆ. ಕಚೇರಿಯವರು, ನೆರೆಹೊರೆಯವರು, ಬೆಳಗಿನ ವಾಕಿಂಗಿನಲ್ಲಿ ಅಪ್ಪನಿಗೆ ಜೊತೆಯಾಗುವ ಗೆಳೆಯರು, ಇವರೆಲ್ಲ ಸಂಜೆಯ ಅತಿಥಿಗಳು. ಅವರಿಗಾಗಿ ಬೇರೆ ಪತ್ರಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

"ಧಾರೆಗೆ ಕರೆಯದೆ ಬರೀ ಆರತಕ್ಷತೆಗೆ ಕರೆದರೆ ಅವರು ಏನಂದುಕೊಂಡಾರು?" ಎಂದು ದೊಡ್ಡಪ್ಪ ಕೇಳಿದರು. ಅವರ ಕಳವಳ ನ್ಯಾಯವಾದದ್ದೇ. ಹಳೆಯ ಮೈಸೂರಿನ ಕಡೆ ಆರತಕ್ಷತೆ ಹೆಚ್ಚಾಗಿ ಮುಹೂರ್ತದ ಹಿಂದಿನ ಸಂಜೆ, ಅದೇ ಛತ್ರದಲ್ಲಿ ನಡೆಯುತ್ತದೆ. ಪತ್ರಿಕೆಯೂ ಒಂದೇ. ಸಂಜೆ ಬರುವುದೋ, ಬೆಳಿಗ್ಗೆ ಬರುವುದೋ, ಎರಡಕ್ಕೂ ಬರುವುದೋ ಎಂಬುದು ಬರುವವರ ಇಷ್ಟ. ಮದುವೆ ಒಂದೂರಿನಲ್ಲಿ, ಆರತಕ್ಷತೆ ಇನ್ನೊಂದೂರಿನಲ್ಲಿ ಆದಾಗ ಮಾತ್ರ ಯಾರನ್ನು ಯಾವುದಕ್ಕೆ ಎಂದು ಆರಿಸುವ ಹೊಣೆ ಕರೆಯುವವರ ತಲೆಗೆ ಬರುತ್ತದೆ. ಹಾಗಾಗಿ ಪ್ರತಿ ಮಾತನ್ನೂ ತೂಗಿ ಬರೆಯಬೇಕು.

ಈಗ ಕಾಣುತ್ತಿರುವುದು ಅಚ್ಚಿನ ಅಂಗಡಿಯವರು ಮೊದಲು ಕೊಟ್ಟ ಕರಡು. ಮದುವೆಯ ಪತ್ರಿಕೆಯನ್ನೇ ತೆಗೆದುಕೊಂಡು ಸ್ಥಳ, ಸಮಯ ಬದಲಿಸಿದ್ದಾರೆ. ಮೇಲೆ "ಸ್ವಸ್ತಿ ಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ ವರ್ಷ 1948ನೇ ಪರಾಭವನಾಮ ಸಂವತ್ಸರದ" ಎಂದು ಆರಂಭವಾಗಿ ಮಾಸ, ಪಕ್ಷ, ತಿಥಿ, ನಕ್ಷತ್ರ, ಲಗ್ನ ಎಲ್ಲವೂ ಇದೆ. ಆರತಕ್ಷತೆ ಎಂಬುದು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ. ಇದನ್ನು ಓದಿದವರಿಗೆ ಮೊದಲು ತಿಳಿಯುವುದು ತಮ್ಮನ್ನು ಕರೆಯದ ಮುಹೂರ್ತದ ವಿವರ! ಪಂಚಾಂಗದ ಸಾಲುಗಳೆಂದರೆ ನನಗೆ ತುಂಬ ಗೌರವ, ಆದರೆ ಅವು ಧಾರೆಯ ಗಳಿಗೆಗೆ ಸೇರಿದವು. ಸಂಜೆಯ ಪತ್ರಿಕೆಗೆ ದಿನಾಂಕ, ವಾರ, ಗಂಟೆ ಸಾಕು.

ಹಾಗೆಂದು ಮದುವೆಯ ಸುದ್ದಿಯನ್ನೇ ಮುಚ್ಚಿಡುವುದೂ ಸರಿಯಲ್ಲ. ಒಂದೇ ಸಾಲಿನಲ್ಲಿ ನೇರವಾಗಿ ಹೇಳಿಬಿಡಬೇಕು. ನಾನು ಬರೆದದ್ದನ್ನು ಓದುತ್ತೇನೆ, ಕೇಳಿ.

"ಮಾನ್ಯರೇ, ನಮ್ಮ ಮಗಳ ವಿವಾಹವು ಗುರುಹಿರಿಯರ ಆಶೀರ್ವಾದದೊಂದಿಗೆ ನಮ್ಮೂರಿನ ಮನೆದೇವರ ಸನ್ನಿಧಿಯಲ್ಲಿ ನೆರವೇರಲಿದೆ. ಆ ಸಂತೋಷದಲ್ಲಿ ತಾವೂ ಪಾಲ್ಗೊಳ್ಳಬೇಕೆಂಬ ಆಸೆಯಿಂದ ಭಾನುವಾರ ಸಂಜೆ ಆರತಕ್ಷತೆಯನ್ನು ಏರ್ಪಡಿಸಿದ್ದೇವೆ. ತಾವು ಸಕುಟುಂಬರಾಗಿ ಬಂದು, ನೂತನ ದಂಪತಿಯನ್ನು ಹರಸಿ, ನಮ್ಮೊಂದಿಗೆ ಊಟ ಮಾಡಿ ಹೋಗಬೇಕೆಂದು ಪ್ರೀತಿಯಿಂದ ಕೋರುತ್ತೇವೆ."

ಗಮನಿಸಿ, "ಸ್ಥಳಾವಕಾಶದ ಕೊರತೆಯಿಂದ" ಎಂಬ ಸಮಜಾಯಿಷಿ ಇದರಲ್ಲಿ ಇಲ್ಲ. ಕರೆಯೋಲೆಯಲ್ಲಿ ಕಾರಣ ಕೊಡಲು ಹೊರಟರೆ ಓದುವವರ ಮನಸ್ಸು ಕರೆಯನ್ನು ಬಿಟ್ಟು ಕಾರಣದ ಬೆನ್ನು ಹತ್ತುತ್ತದೆ. ದೊಡ್ಡಪ್ಪನಿಗೆ "ಸತ್ಕಾರ ಸ್ವೀಕರಿಸಿ" ಎಂದೇ ಇರಬೇಕಿತ್ತು. ನಾನು "ಊಟ ಮಾಡಿ ಹೋಗಬೇಕು" ಎಂಬುದನ್ನು ಬಿಟ್ಟುಕೊಡಲಿಲ್ಲ. ಟ್ರಾಫಿಕ್ ದಾಟಿ ಬರುವವರಿಗೆ ಊಟ ಇದೆಯೋ ಇಲ್ಲವೋ ಎಂಬ ಅನುಮಾನ ಉಳಿಯಬಾರದು.

ಇನ್ನು "ನೂತನ ದಂಪತಿ". ನಮ್ಮಲ್ಲಿ ಮದುವೆ ಮುಗಿದ ಮೇಲೆ ಆರತಕ್ಷತೆ, ಆದ್ದರಿಂದ ಇದು ಒಪ್ಪುತ್ತದೆ. ನಿಮ್ಮಲ್ಲಿ ಹಿಂದಿನ ಸಂಜೆಯೇ ಆರತಕ್ಷತೆ ಇದ್ದರೆ ಅಂದು ಇನ್ನೂ ಮಾಂಗಲ್ಯಧಾರಣೆ ಆಗಿರುವುದಿಲ್ಲ, ಹಾಗಾಗಿ "ವಧೂವರರು" ಎಂದೇ ಬರೆಯಿರಿ. ಮನೆಯ ಹಿರಿಯರ ಕಣ್ಣು ಮೊದಲು ಬೀಳುವುದು ಇಂಥ ಕಡೆಯೇ. ಪತ್ರಿಕೆ ಮದುವೆಯ ನಂತರ ಕೈಸೇರುವಂತಿದ್ದರೆ "ನೆರವೇರಲಿದೆ" ಎಂಬುದು "ನೆರವೇರಿದೆ" ಆಗಬೇಕು. ಅಂಚೆಯಲ್ಲಿ ಕಳುಹಿಸುವವರು ಇದನ್ನು ಮರೆಯಬೇಡಿ.

ಸಮಯದ ವಿಷಯದಲ್ಲಿ ನನ್ನದು ಹಟವೇ. "ಸಂಜೆ 6:30ರಿಂದ" ಎಂದಷ್ಟೇ ಬಿಟ್ಟರೆ ಕೆಲವರು 6:30ಕ್ಕೇ ಬಂದು ಖಾಲಿ ವೇದಿಕೆ ನೋಡುತ್ತಾ ಕೂರುತ್ತಾರೆ, ಕೆಲವರು ಹತ್ತಕ್ಕೆ ಬರುತ್ತಾರೆ. "ಸಂಜೆ 7ರಿಂದ 9:30, ಊಟ 7:30ರಿಂದ" ಎಂದು ಬರೆಸಿದ್ದೇನೆ. ವಿಳಾಸದ ಕೆಳಗೆ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದ ಹೆಸರೂ ಇದೆ. ಉಡುಗೊರೆಯ ಬಗ್ಗೆ "ತಮ್ಮ ಹಾರೈಕೆಯೇ ಉಡುಗೊರೆ" ಎಂಬ ಅಪ್ಪನ ಸಾಲು ಹಾಗೆಯೇ ಉಳಿದಿದೆ.

ಲಕೋಟೆಯ ಮೇಲಿನ ಹೆಸರನ್ನು ಮಾತ್ರ ಕೈಯಲ್ಲೇ ಬರೆಯಿರಿ. ಅಜ್ಜಿಯೂ ಇರುವ ಮನೆಯಾದರೆ ಮೊದಲು ಅಜ್ಜಿಯ ಹೆಸರು, ಆಮೇಲೆ "ಮತ್ತು ಕುಟುಂಬದವರು". ಮೂಲೆಗಳಿಗೆ ಅರಿಶಿನ ಕುಂಕುಮ ಸಂಜೆಯ ಪತ್ರಿಕೆಗೂ ಬೇಕು. ಅದನ್ನು ಬಿಟ್ಟು ಕೊಟ್ಟರೆ ಎರಡನೆಯ ಪಂಕ್ತಿಗೆ ಕೂರಿಸಿದಂತೆ ಆಗುತ್ತದೆ ಎಂದು ಅಮ್ಮ ಹೇಳಿದರು, ಆ ಮಾತು ನನಗೆ ಪೂರ್ತಿ ಒಪ್ಪಿಗೆ. ವಿದೇಶದಲ್ಲಿರುವವರಿಗೆ ವಾಟ್ಸ್ಆ್ಯಪ್ ಸಾಕು, ಆದರೆ ಪತ್ರಿಕೆಯ ಚಿತ್ರವನ್ನಷ್ಟೇ ಕಳುಹಿಸಿ ಸುಮ್ಮನಾಗಬೇಡಿ. ಅವರ ಹೆಸರು ಹಿಡಿದು ಎರಡು ಸಾಲು ಬರೆಯಿರಿ.

ಪತ್ರಿಕೆ ಕೈಗಿಡುವಾಗ ಆಡುವ ಮಾತನ್ನೂ ಅಪ್ಪ, ನಾನು ಒಂದೇ ರೀತಿ ಮಾಡಿಕೊಂಡಿದ್ದೇವೆ: "ಧಾರೆ ಊರಿನ ಗುಡಿಯಲ್ಲಿ ಆಗುತ್ತದೆ. ಭಾನುವಾರ ಸಂಜೆ ನಿಮಗಾಗಿ ಕಾಯುತ್ತಿರುತ್ತೇವೆ, ಮಕ್ಕಳನ್ನೂ ಕರೆದುಕೊಂಡು ಬನ್ನಿ."